ಜೀಪಿನ ಸ್ಟೀರಿಂಗ್ ಗಡಗಡ ಅಂತಿದ್ಯಾ? ಸ್ಟೆಬಿಲೈಜರ್ ಹಾಕಿಸೋಕೆ ಮುಂಚೆ ಇದನ್ನ ಪೂರ್ತಿ ನೋಡಿ

(ಶಾಟ್: ಕಾಫಿ ಕಣದಲ್ಲಿ ನಿಂತಿರೋ ಜೀಪು, ಬಾನೆಟ್ ತೆಗೆದಿದೆ, ಪಕ್ಕದಲ್ಲಿ ಟಾರ್ಪಾಲಿನ ಮೇಲೆ ಹೊಸ ಸ್ಟೆಬಿಲೈಜರ್ ಕಿಟ್ಟು)

ನಮಸ್ಕಾರ ಎಲ್ರಿಗೂ. ಮೊದ್ಲು ನನಗೆ ಏನಾಯ್ತು ಅಂತ ಹೇಳ್ಬಿಡ್ತೀನಿ, ಆಮೇಲೆ ಕೆಲಸ ಶುರು ಮಾಡೋಣ. ಹಾಸನದಿಂದ ಸಕಲೇಶಪುರದ ಕಡೆ ಬರ್ತಿದ್ದೆ, ಸ್ಪೀಡು ಒಂದು 65 ಇರ್ಬೋದು, ಸೇತುವೆ ಶುರುವಾಗೋ ಕಡೆ ರಸ್ತೆಗೆ ಅಡ್ಡ ಕಬ್ಬಿಣದ ಜಾಯಿಂಟ್ ಇರುತ್ತಲ್ಲ, ಅದರ ಮೇಲೆ ಎಡಗಡೆ ಚಕ್ರ ದಢ್ ಅಂತ ಬಿತ್ತು, ಬಿದ್ದಿದ್ದೇ ತಡ ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ ಅಂತ ಹೊಡ್ಕೊಳೋಕೆ ಶುರುವಾಯ್ತು, ಸ್ಟೀರಿಂಗ್ ಕೈಯಲ್ಲಿ ನಿಲ್ತಾನೇ ಇಲ್ಲ, ಡ್ಯಾಶ್‌ಬೋರ್ಡ್ ಪೂರ್ತಿ ನಡುಗ್ತಿದೆ, ಪಕ್ಕದಲ್ಲಿ ಕೂತಿದ್ದ ಅಪ್ಪ ಮುಂದಿನ ಕಂಬಿ ಹಿಡ್ಕೊಂಡು ಕೂಗ್ತಿದ್ದಾರೆ. ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ಬ್ರೇಕ್ ಹಿಡಿದು 30ರ ಹತ್ರ ಬಂದ ಮೇಲೆ ತಾನಾಗೇ ನಿಂತೋಯ್ತು. ಎದುರಿಗೆ ಲಾರಿ ಬಂದಿದ್ರೆ ಏನಾಗ್ತಿತ್ತು ಅಂತ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಇದಕ್ಕೆ ಡೆತ್ ವಾಬಲ್ ಅಂತಾರೆ. ಮಾರನೇ ದಿನಾನೇ ಗ್ಯಾರೇಜಿಗೆ ಹೋದೆ, ಅವರು ನೋಡಿದೋರೇ ಸ್ಟೆಬಿಲೈಜರ್, ಅಂದ್ರೆ ಸ್ಟೀರಿಂಗ್ ನಡುಕ ತಡೆಯೋ ಶಾಕ್ ಥರದ ಸಾಮಾನು, ಹಾಕಿದ್ರೆ ಸರಿಹೋಗುತ್ತೆ ಅಂದ್ರು, ಹಾಕಿದ್ರು, ಸರಿನೂ ಹೋಯ್ತು. ಮೂರು ತಿಂಗಳು. ಆಮೇಲೆ ಮತ್ತೆ ಬಂತು, ಈ ಸಲ ಮೊದಲಿಗಿಂತ ಜೋರಾಗಿ. ಯಾಕಂದ್ರೆ ಒಳಗಡೆ ಸವೆದಿದ್ದ ಸಾಮಾನು ಹಾಗೇ ಸವೀತಾ ಇತ್ತು, ಸ್ಟೆಬಿಲೈಜರ್ ಅದನ್ನ ಮುಚ್ಚಿಟ್ಟಿತ್ತು, ನನಗೆ ಗೊತ್ತೇ ಆಗ್ಲಿಲ್ಲ. ಜ್ವರಕ್ಕೆ ಬರೀ ಒದ್ದೆಬಟ್ಟೆ ಹಾಕ್ದಂಗೆ. ಇವತ್ತು ಸ್ಟೆಬಿಲೈಜರ್ ಹಾಕೋದನ್ನೇ ತೋರಿಸ್ತೀನಿ, ಆದ್ರೆ ವಿಡಿಯೋದ ಅರ್ಧ ಭಾಗ ಅದಕ್ಕಿಂತ ಮುಂಚೆ ಏನು ನೋಡ್ಬೇಕು ಅನ್ನೋದೇ ಇರುತ್ತೆ, ದಯವಿಟ್ಟು ಸ್ಕಿಪ್ ಮಾಡ್ಬೇಡಿ.

(ಶಾಟ್: ಕೈಯಲ್ಲಿ ಸ್ಟೆಬಿಲೈಜರ್, ರಾಡನ್ನ ಎಳೆದು ಒತ್ತಿ ತೋರಿಸೋದು)

ಇದೇ ನೋಡಿ. ನೋಡೋಕೆ ಶಾಕ್ ಅಬ್ಸಾರ್ಬರ್ ಥರಾನೇ ಇದೆ, ಒಳಗೆ ಆಯಿಲ್, ಪಿಸ್ಟನ್ನು, ಸಣ್ಣ ತೂತುಗಳು. ಮೆಲ್ಲಗೆ ಎಳೆದ್ರೆ ಆರಾಮಾಗಿ ಬರುತ್ತೆ, ಜೋರಾಗಿ ಎಳೆದ್ರೆ ಬಿಡೋದೇ ಇಲ್ಲ, ಅದೇ ಇದರ ಗುಟ್ಟು. ನೀವು ಸ್ಟೀರಿಂಗ್ ತಿರುಗಿಸೋದು ನಿಧಾನ, ಅದಕ್ಕೆ ಅಡ್ಡ ಬರಲ್ಲ, ಕಲ್ಲು ಬಂದು ಚಕ್ರಕ್ಕೆ ಹೊಡೆಯೋದು ಫಾಸ್ಟು, ಅದನ್ನ ತಡೆಯುತ್ತೆ. ಸಸ್ಪೆನ್ಷನ್ ಶಾಕಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದರಲ್ಲಿ ಎಳೆಯೋವಾಗ ಬಿಗಿ ಜಾಸ್ತಿ, ಒತ್ತೋವಾಗ ಕಮ್ಮಿ ಇರುತ್ತೆ, ಇದರಲ್ಲಿ ಎರಡೂ ಕಡೆ ಒಂದೇ ಥರ ಇರ್ಬೇಕು, ಇಲ್ಲಾಂದ್ರೆ ಎಡಕ್ಕೆ ಒಂಥರ ಬಲಕ್ಕೆ ಒಂಥರ ಆಗುತ್ತೆ. ಹಳೇ ಕಾರಿನ ಶಾಕ್ ತಂದು ಅಡ್ಡ ಮಲಗಿಸಿ ಹಾಕ್ಕೊಡ್ತೀವಿ ಅನ್ನೋರು ಇದ್ದಾರೆ, ಬೇಡ. ನಿಲ್ಲಿಸಿ ಹಾಕೋಕೆ ಅಂತ ಮಾಡಿದ ಟ್ವಿನ್ ಟ್ಯೂಬ್ ಶಾಕನ್ನ ಮಲಗಿಸಿದ್ರೆ ಆಯಿಲ್ ಜಾಗಕ್ಕೆ ಗಾಳಿ ಸೇರ್ಕೊಳುತ್ತೆ, ಆಮೇಲೆ ಅದು ಸ್ಪಂಜು. ಇನ್ನೊಂದು, ಹೈ ಪ್ರೆಶರ್ ಗ್ಯಾಸ್ ತುಂಬಿರೋದು ತಗೊಂಡ್ರೆ ಗ್ಯಾಸು ರಾಡನ್ನ ಸದಾ ಹೊರಗೆ ತಳ್ತಾ ಇರುತ್ತೆ, ಗಾಡಿ ಒಂದು ಕಡೆಗೆ ಎಳೆಯೋಕೆ ಶುರು ಮಾಡುತ್ತೆ. ತಗೊಳೋವಾಗ ರಾಡನ್ನ ಒಳಗೆ ಒತ್ತಿ ಕೈ ಬಿಡಿ, ತಾನಾಗೇ ಸರ್ರಂತ ಹೊರಗೆ ಬಂದ್ರೆ ಅದು ಗ್ಯಾಸು. ನಾನಾದ್ರೆ ಜೀಪಿಗೆ ಬರೀ ಆಯಿಲ್ ಇರೋದನ್ನೇ ಹಾಕೋದು.

ಇದು ಎಲ್ಲಾ ಗಾಡಿಗೂ ಬೇಕಾ? ಇಲ್ಲ. ಮುಂದೆ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲೆ ಕೂತಿರೋ ಗಾಡಿಗಳ ಕಥೆ ಇದು, ಲೀಫ್ ಸ್ಪ್ರಿಂಗಿನ ಹಳೇ ಜೀಪುಗಳು, ಮಾರುತಿ ಜಿಪ್ಸಿ, ಈಗಿನ ಜಿಮ್ನಿ. ಜಿಮ್ನಿಗೆ ಕಂಪನಿಯೋರೇ ಡ್ಯಾಂಪರ್, ಅಂದ್ರೆ ಇದೇ ಸ್ಟೆಬಿಲೈಜರ್, ಕೊಟ್ಟಿದ್ದಾರೆ, ಟೈರ್ ದೊಡ್ಡದು ಮಾಡಿದೋರು ಅದರ ಬದಲು ದಪ್ಪದ್ದು ಹಾಕೋತಾರೆ ಅಷ್ಟೇ. 2020ರಲ್ಲಿ ಬಂದ ಥಾರ್‌ನಲ್ಲಿ ಮುಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಅದರಲ್ಲಿ ಈ ಥರ ವಾಬಲ್ ಬರಲ್ಲ, ಸ್ಟೀರಿಂಗ್ ನಡುಗಿದ್ರೆ ಮೊದ್ಲು ವೀಲ್ ಬ್ಯಾಲೆನ್ಸಿಂಗ್ ನೋಡ್ಸಿ. ಗಟ್ಟಿ ಆಕ್ಸಲ್ ಆದ್ರೆ ಹೊಸ ಗಾಡಿನೂ ತಪ್ಪಿಸ್ಕೊಳಲ್ಲ, ಅಮೆರಿಕದಲ್ಲಿ 2018ರ ಮಾಡೆಲ್ ಜೀಪ್ ರ‍್ಯಾಂಗ್ಲರ್‌ಗಳಲ್ಲಿ ಇದೇ ನಡುಕದ ಬಗ್ಗೆ ಕಂಪ್ಲೇಂಟ್ ಬಂದು 2019ರಲ್ಲಿ ಕಂಪನಿನೇ ಹೊಸ ಡ್ಯಾಂಪರ್ ಹಾಕಿಕೊಟ್ಟಿತ್ತು.

(ಶಾಟ್: ಜೀಪಿನ ಕೆಳಗೆ ಮಲಗಿ ಕ್ಯಾಮೆರಾ, ಟೈ ರಾಡ್ ಎಂಡ್ ಮೇಲೆ ಕೈ)

ಈಗ ಚೆಕಿಂಗು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲೇ ಇರ್ಲಿ, ಜ್ಯಾಕ್ ಬೇಡ. ಒಬ್ರು ಮೇಲೆ ಕೂತ್ಕೊಂಡು ಸ್ಟೀರಿಂಗನ್ನ ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ಅಂತ ಆಡಿಸ್ತಾ ಇರ್ಲಿ, ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಿ. ಕಣ್ಣಿಗೆ ಕಾಣ್ದೇ ಇರೋದು ಕೈಗೆ ಗೊತ್ತಾಗುತ್ತೆ, ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಲೇಟಾಗಿ ಅಲ್ಲಾಡಿದ್ರೆ ಬೆರಳಿಗೆ ಟಕ್ ಅಂತ ಬಡಿಯುತ್ತೆ. ಮುಂದಿನ ಎರಡು ಚಕ್ರನ ಜೋಡಿಸೋ ಟೈ ರಾಡಿನ ಎಂಡು, ಸ್ಟೀರಿಂಗ್ ಬಾಕ್ಸಿಂದ ಚಕ್ರದ ಕಡೆ ಹೋಗೋ ಡ್ರ್ಯಾಗ್ ಲಿಂಕು, ಸಿಜೆ3ಬಿ ಥರದ ಹಳೇ ಜೀಪಾದ್ರೆ ಮಧ್ಯೆ ತಿರುಗಣೆ ಥರ ಬೆಲ್ ಕ್ರ್ಯಾಂಕ್ ಇರುತ್ತಲ್ಲ ಅದು, ಲೀಫಿನ ಬುಷ್ಷು, ಲೀಫನ್ನ ಛಾಸಿಗೆ ನೇತುಹಾಕೋ ಶ್ಯಾಕಲ್ಲು. ಸ್ಟೀರಿಂಗ್ ಬಾಕ್ಸ್ ಛಾಸಿಗೆ ಕೂತಿರೋ ಜಾಗನ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ, ಬೋಲ್ಟಿನ ಸುತ್ತ ಕೂದಲಿನಷ್ಟು ಬಿರುಕಿದ್ರೂ ಅಲ್ಲಿಗೆ ನಿಲ್ಸಿ, ಅದನ್ನ ಮೊದ್ಲು ಸರಿ ಮಾಡ್ಸಿ.

ಆಮೇಲೆ ಒಂದೊಂದೇ ಚಕ್ರ ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡ್ಸಿ. ಆಟ ಇದ್ರೆ ಇನ್ನೊಬ್ರಿಗೆ ಬ್ರೇಕ್ ತುಳಿಯೋಕೆ ಹೇಳಿ, ತುಳಿದಾಗ ಆಟ ನಿಂತ್ರೆ ವೀಲ್ ಬೇರಿಂಗು, ತುಳಿದ್ರೂ ಆಟ ಇದ್ರೆ ಕಿಂಗ್ ಪಿನ್ ಬೇರಿಂಗು, ಅಂದ್ರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಪಿನ್ ಮೇಲೆ ತಿರುಗುತ್ತೋ ಅದರ ಬೇರಿಂಗು.

(ಕ್ಲೋಸಪ್: ಅಂಗೈ ಮೇಲೆ ಬೇರಿಂಗ್ ಕಪ್)

ಇದು ನನ್ನ ಜೀಪಿಂದು. ಕಿಂಗ್ ಪಿನ್ ಬೇರಿಂಗಿನ ಕಪ್, ಅಂದ್ರೆ ರೋಲರ್‌ಗಳು ಕೂರೋ ಹೊರಗಿನ ಬಳೆ. ಬೆಳಕಿಗೆ ಹಿಡಿದು ನೋಡಿ, ಒಳಗೆ ಸಣ್ಣ ಸಣ್ಣ ಗೆರೆ ಕಾಣ್ತಿದ್ಯಾ? ಒಂದೊಂದು ಗೆರೆನೂ ಒಂದೊಂದು ರೋಲರ್ ಕೂತಿದ್ದ ಜಾಗ. ಉಗುರು ಎಳೆದ್ರೆ ಕಟ್ ಕಟ್ ಅಂತ ಸಿಕ್ಕಾಕೊಳುತ್ತೆ. ಗಾಡಿ ಓಡೋದು ಬಹುಪಾಲು ನೆಟ್ಟಗೆ ತಾನೇ, ಬೇರಿಂಗು ಪೂರ್ತಿ ಸುತ್ತೋದೇ ಇಲ್ಲ, ಪ್ರತಿ ಗುಂಡಿಯ ಹೊಡೆತನೂ ಅದೇ ಜಾಗಕ್ಕೆ ಬಿದ್ದು ಬಿದ್ದು ಹೀಗೆ ಗುಳಿ ಆಗುತ್ತೆ. ಆಮೇಲೆ ಬೇರಿಂಗಿನ ಬಿಗಿ ಹೋಗುತ್ತೆ, ಚಕ್ರಕ್ಕೆ ಕಿಂಗ್ ಪಿನ್ ಸುತ್ತ ಆಡೋಕೆ ಜಾಗ ಸಿಗುತ್ತೆ, ಒಂದು ಕಡೆ ಹೋದದ್ದನ್ನ ಕ್ಯಾಸ್ಟರ್, ಅಂದ್ರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರೋ ಓರೆ, ವಾಪಸ್ ಎಳೆಯುತ್ತೆ, ಎಳೆದಿದ್ದು ಮಧ್ಯದಲ್ಲಿ ನಿಲ್ದೇ ಆ ಕಡೆಗೆ ಹೋಗುತ್ತೆ, ಅಲ್ಲಿಂದ ಈ ಕಡೆಗೆ. ಸೇತುವೆ ಮೇಲೆ ಆಗಿದ್ದು ಇದೇ.

ಬೇರಿಂಗ್ ಹೊಸದು ಹಾಕಿದ್ರೆ ಸಾಲ್ದು, ಶಿಮ್ ಅನ್ನೋ ತೆಳು ತಗಡಿನ ಬಿಲ್ಲೆ ಸೇರಿಸಿ ಇಲ್ಲಾ ತೆಗೆದು ಬಿಗಿ ಸರಿ ಮಾಡ್ಬೇಕು. ಹಳೇ ವಿಲ್ಲಿಸ್ ಸಿಜೆ ಜೀಪುಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಲೆಕ್ಕ ಕೊಟ್ಟಿದ್ದಾರೆ, ಆಯಿಲ್ ಸೀಲ್ ತೆಗೆದು, ಟೈ ರಾಡ್ ಬಿಚ್ಚಿ, ಟೈ ರಾಡ್ ಕೂರೋ ತೂತಿಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆದ್ರೆ 12ರಿಂದ 16 ಪೌಂಡಿಗೆ ಚಕ್ರ ಕೂರೋ ಗೆಣ್ಣು, ಅಂದ್ರೆ ಸ್ಟೀರಿಂಗ್ ನಕಲ್, ತಿರುಗ್ಬೇಕು, ಅಂದ್ರೆ ಹತ್ತಿರ ಹತ್ತಿರ ಐದೂವರೆಯಿಂದ ಏಳು ಕೆಜಿ. ನಾನು ಮನೇಲಿ ಕಾಳುಮೆಣಸು ತೂಗೋ ಕೊಕ್ಕೆ ತಕ್ಕಡಿನೇ ಹಾಕಿ ಎಳೆದೆ, ಹಳೇ ಬೇರಿಂಗಲ್ಲಿ ಮುಳ್ಳು ಒಂದು ಕೆಜಿನೂ ಮುಟ್ಲಿಲ್ಲ, ಹೊಸದು ಹಾಕಿ ಒಂದು ಶಿಮ್ ತೆಗೆದ ಮೇಲೆ ಆರಕ್ಕೆ ನಿಂತಿತು. ನಿಮ್ಮ ಗಾಡಿ ಜಿಪ್ಸಿನೋ ಬೇರೇನೋ ಆದ್ರೆ ಅದರ ಲೆಕ್ಕ ಬೇರೆ, ಅದರ ಮ್ಯಾನ್ಯುಯಲ್ ನೋಡಿ ಮಾಡಿ.

ಇನ್ನು ಮುಂದಿನ ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರೋ ಟೋ, ಟೈರ್ ಪ್ರೆಶರ್, ಬ್ಯಾಲೆನ್ಸಿಂಗು, ಇದೆಲ್ಲ ನಿಮಗೆ ಗೊತ್ತಿರೋದೇ. ಕ್ಯಾಸ್ಟರ್ ಬಗ್ಗೆ ಮಾತ್ರ ಒಂದು ಮಾತು, ಉದ್ದ ಶ್ಯಾಕಲ್ ಹಾಕಿ ಮುಂದುಗಡೆ ಎತ್ತರಿಸಿದೋರ ಗಾಡಿನಲ್ಲಿ ಆಕ್ಸಲ್ ಸ್ವಲ್ಪ ಉರುಳಿರುತ್ತೆ, ಆ ಹಳೇ ಸಿಜೆಗಳಿಗೆ ಹೇಳಿದ್ದ ಕ್ಯಾಸ್ಟರ್ 3 ಡಿಗ್ರಿ, ಅದರಲ್ಲಿ ಒಂದೂವರೆ ಹೋದ್ರೂ ಸ್ಟೀರಿಂಗ್ ಅಲೆದಾಡುತ್ತೆ. ಲೀಫಿಗೂ ಆಕ್ಸಲ್‌ಗೂ ಮಧ್ಯೆ ಬೆಣೆ ಥರದ ಶಿಮ್ ಕೊಟ್ಟು ಸರಿ ಮಾಡ್ಬೋದು. 31 ಇಂಚಿನ ಟೈರು, ಹೊರಗೆ ಚಾಚಿರೋ ರಿಮ್ಮು ಹಾಕಿದೋರಿಗೆ ಕಲ್ಲಿನ ಏಟು ಸ್ಟೀರಿಂಗಿಗೆ ಜಾಸ್ತಿ ಬರುತ್ತೆ, ಅಂಥೋರಿಗೆ ಎಲ್ಲಾ ಸರಿ ಇದ್ರೂ ಸ್ಟೆಬಿಲೈಜರ್ ನಿಜವಾಗ್ಲೂ ಉಪಯೋಗ.

(ಶಾಟ್: ಟೇಪು, ಮಾರ್ಕರ್, ಟೈ ರಾಡ್)

ಸರಿ, ಈಗ ಹಾಕೋಣ. ಮೊದ್ಲು ಅಳತೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಆಕ್ಸಲ್ ಮೇಲೊಂದು ಗುರುತು, ಅದರ ಎದುರಿಗೆ ಟೈ ರಾಡ್ ಮೇಲೊಂದು ಗುರುತು ಹಾಕಿ. ಪೂರ್ತಿ ಬಲಕ್ಕೆ ತಿರುಗಿಸಿ, ಟೈ ರಾಡಿನ ಗುರುತು ಎಷ್ಟು ಸರಿದಿದೆ ಅಂತ ಅಳೆಯಿರಿ. ನನ್ನದು 6 ಇಂಚು. ಈಗ ಸ್ಟೆಬಿಲೈಜರ್ ಅಳೆಯಿರಿ, ಪೂರ್ತಿ ಮುಚ್ಚಿದಾಗ 12 ಇಂಚು, ಪೂರ್ತಿ ತೆರೆದಾಗ 20, ಅಂದ್ರೆ ಓಡಾಟ 8. ನಮಗೆ ಬೇಕಾಗಿದ್ದು 6, ಎರಡೂ ಕಡೆ ಒಂದೊಂದು ಇಂಚು ಮಿಕ್ಕುತ್ತೆ, ಒಳ್ಳೇದು. ಚಕ್ರ ನೆಟ್ಟಗಿರೋವಾಗ ಇದರ ಉದ್ದ 12ಕ್ಕೂ 20ಕ್ಕೂ ನಡುವೆ, ಅಂದ್ರೆ 16 ಇಂಚಿಗೆ ಕೂರ್ಬೇಕು. ಇದು ತಪ್ಪಿದ್ರೆ ಏನಾಗುತ್ತೆ ಅಂದ್ರೆ, ಒಂದು ಕಡೆ ಫುಲ್ ಲಾಕ್ ಆಗೋಕೆ, ಅಂದ್ರೆ ಸ್ಟೀರಿಂಗ್ ಕೊನೇವರೆಗೂ ತಿರುಗೋಕೆ, ಮುಂಚೆನೇ ಸ್ಟೆಬಿಲೈಜರ್ ಮುಗಿದೋಗುತ್ತೆ, ಚಕ್ರ ನಿಲ್ಲೋದು ನಕಲಿನ ಸ್ಟಾಪರ್ ಬೋಲ್ಟಿಗೆ ತಾಗಿ ಅಲ್ಲ, ಈ ರಾಡಿನ ಬಲದ ಮೇಲೆ, ಘಾಟಿಯ ಹೇರ್‌ಪಿನ್ನಲ್ಲಿ ಸ್ಟೀರಿಂಗ್ ಅರ್ಧಕ್ಕೇ ನಿಂತುಬಿಡುತ್ತೆ, ಇಲ್ಲಾ ಬ್ರ್ಯಾಕೆಟ್ ಕಿತ್ತು ಬರುತ್ತೆ. ಹೇರ್‌ಪಿನ್ನಲ್ಲಿ ಸ್ಟೀರಿಂಗ್ ತಿರುಗದೇ ಹೋದ್ರೆ ಯೋಚನೆ ಮಾಡಿ.

ಒಂದು ತುದಿ ಟೈ ರಾಡಿಗೆ, ಯು ಕ್ಲ್ಯಾಂಪ್ ಹಾಕಿ. ಇನ್ನೊಂದು ತುದಿ ಎಲ್ಲಿಗೆ ಅನ್ನೋದು ಮುಖ್ಯ. ನಾನು ಆಕ್ಸಲ್ ಟ್ಯೂಬಿಗೇ ಬ್ರ್ಯಾಕೆಟ್ ಹಾಕ್ತೀನಿ, ಯಾಕಂದ್ರೆ ಆಕ್ಸಲ್ಲೂ ಟೈ ರಾಡೂ ಒಟ್ಟಿಗೇ ಮೇಲೆ ಕೆಳಗೆ ಹೋಗ್ತವೆ, ಗಾಡಿ ಎಷ್ಟು ಕುಣಿದ್ರೂ ಸ್ಟೆಬಿಲೈಜರಿನ ಉದ್ದ ಬದಲಾಗಲ್ಲ. ಛಾಸಿಗೆ ಹಾಕಿದ್ರೆ ಚಕ್ರ ಗುಂಡಿಗೆ ಇಳಿದಾಗೆಲ್ಲ ಅದೂ ಎಳೆಯುತ್ತೆ, ಒಂದು ಚಕ್ರ ಜ್ಯಾಕ್ ಹಾಕಿ ಪೂರ್ತಿ ಎತ್ತಿ, ಇನ್ನೊಂದು ನೇತಾಡೋ ಹಾಗೆ ಬಿಟ್ಟು, ಎರಡೂ ಲಾಕಿಗೂ ಮತ್ತೆ ಅಳತೆ ನೋಡ್ಬೇಕಾಗುತ್ತೆ. ಸ್ಟೆಬಿಲೈಜರ್ ಆದಷ್ಟು ಟೈ ರಾಡಿಗೆ ಸಮಾನಾಂತರವಾಗಿ ಇರ್ಲಿ, ಓರೆ ಜಾಸ್ತಿ ಆದಷ್ಟೂ ಅದರ ಶಕ್ತಿ ಕಮ್ಮಿ. ಕ್ಲ್ಯಾಂಪ್ ಕೂರೋ ಜಾಗದಲ್ಲಿ ಟೈ ರಾಡಿನ ಮಣ್ಣು, ಗ್ರೀಸು, ಎದ್ದಿರೋ ಪೇಂಟು ಕೆರೆದು ತೆಗೀರಿ, ಗ್ರೀಸ್ ಮೇಲೆ ಹಾಕಿದ್ರೆ ಜಾರುತ್ತೆ.

ಟೈ ರಾಡಿಗೆ ವೆಲ್ಡಿಂಗ್ ಮಾತ್ರ ಯಾವತ್ತೂ ಮಾಡಿಸ್ಬೇಡಿ, ಯಾರೇ ಹೇಳ್ಲಿ. ಕಾದ ಜಾಗದಲ್ಲಿ ಕಬ್ಬಿಣದ ಗುಣ ಬದಲಾಗುತ್ತೆ, ಬಿರುಕು ಅಲ್ಲಿಂದಾನೇ ಶುರು. ಎರಡು ಚಕ್ರನ ಜೋಡಿಸಿರೋದು ಅದೊಂದೇ ರಾಡು.

ನಟ್‌ಗಳನ್ನ ಮೊದ್ಲು ಕೈಬಿಗಿ ಮಾತ್ರ ಮಾಡಿ. ಈಗ ಒಬ್ರು ಸ್ಟೀರಿಂಗನ್ನ ತುಂಬಾ ನಿಧಾನವಾಗಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸ್ಲಿ, ನೀವು ಪಕ್ಕಕ್ಕೆ ಕೂತು ನೋಡಿ, ಕೈ ಒಳಗೆ ಹಾಕ್ಬೇಡಿ. ಲೀಫಿಗೆ ತಾಗ್ತಿದ್ಯಾ, ಡಿಫ್ರೆನ್ಷಿಯಲ್ ಕವರಿಗೆ ತಾಗ್ತಿದ್ಯಾ, ಬ್ರೇಕ್ ಹೋಸ್ ಹತ್ರ ಬರ್ತಿದ್ಯಾ. ನನ್ನದರಲ್ಲಿ ಬಲ ಲಾಕಲ್ಲಿ ಕ್ಲ್ಯಾಂಪಿನ ಬೋಲ್ಟ್ ತುದಿ ಲೀಫಿನ ಯು ಬೋಲ್ಟಿಗೆ ತಾಗ್ತಿತ್ತು, ಕ್ಲ್ಯಾಂಪನ್ನ ಕಾಲು ಸುತ್ತು ತಿರುಗಿಸಿ ಬೋಲ್ಟು ಮುಂದಕ್ಕೆ ಬರೋ ಹಾಗೆ ಮಾಡಿದೆ, ಈಗ ಎರಡು ಬೆರಳು ಜಾಗ ಇದೆ. ಚಕ್ರಗಳ ಸ್ಟಾಪರ್ ಎರಡೂ ಕಡೆ ಟಕ್ ಅಂತ ತಾಗ್ಬೇಕು, ತಾಗಿದ ಮೇಲೂ ರಾಡಲ್ಲಿ ಓಡಾಟ ಮಿಕ್ಕಿರ್ಬೇಕು. ಇದಾದ ಮೇಲೇನೇ ಬಿಗಿ ಮಾಡೋದು, ತಾನಾಗೇ ಸಡಿಲ ಆಗದ ನೈಲಾಕ್ ನಟ್ ಹಾಕಿ, ಸ್ಟೆಬಿಲೈಜರ್ ತುದಿಯ ತೂತಿನ ರಬ್ಬರ್ ಬುಷ್ ಚೂರು ಉಬ್ಬೋವಷ್ಟು ಸಾಕು, ರಬ್ಬರ್ ಹಿಸುಕಿ ಹೊರಗೆ ಬರೋ ಹಾಗೆ ಬಿಗೀಬೇಡಿ.

(ಶಾಟ್: ತೋಟದ ರಸ್ತೆಯಲ್ಲಿ ಜೀಪು, ಒಳಗಿಂದ ಕ್ಯಾಮೆರಾ)

ಮೊದಲ ಓಟ ತೋಟದ ರಸ್ತೆಯಲ್ಲೇ, ಸೆಕೆಂಡ್ ಗೇರು. ತಿರುವಲ್ಲಿ ಸ್ಟೀರಿಂಗನ್ನ ಸ್ವಲ್ಪ ಸಡಿಲ ಬಿಟ್ಟು ನೋಡಿ, ತಾನಾಗೇ ನೆಟ್ಟಗೆ ಬರ್ಬೇಕು. ಬರ್ದೇ ಹಾಗೇ ನಿಂತ್ರೆ ಒಂದೋ ಕಿಂಗ್ ಪಿನ್ ಬಿಗಿ ಜಾಸ್ತಿ ಆಗಿದೆ, ಇಲ್ಲಾ ಕ್ಯಾಸ್ಟರ್ ಕಮ್ಮಿ, ಇಲ್ಲಾ ಸ್ಟೆಬಿಲೈಜರ್ ಗಾಡಿಗೆ ಹೆಚ್ಚಾಯ್ತು. ನೋಡಿ ಈಗ ಮರದ ಬೇರಿನ ಮೇಲೆ ಹತ್ತಿಸ್ತಿದ್ದೀನಿ, ಮೊದಲು ಇದೇ ಬೇರಿಗೆ ಸ್ಟೀರಿಂಗ್ ಕೈಗೆ ಫಟ್ ಅಂತ ಹೊಡೀತಿತ್ತು, ಈಗ ತಳ್ಳಿದ ಹಾಗೆ ಬಂದು ನಿಲ್ಲುತ್ತೆ. ಹಾಗಂತ ಹೆಬ್ಬೆರಳು ಸ್ಟೀರಿಂಗ್ ಒಳಗೆ ಸುತ್ತಿ ಹಿಡೀಬೇಡಿ, ಮೇಲೆ ಇಟ್ಕೊಳಿ, ನಮ್ಮ ತೋಟದಲ್ಲಿ ಮೂವತ್ತು ವರ್ಷ ಜೀಪು ಓಡಿಸಿದ ಡ್ರೈವರಣ್ಣ ನಂಗೆ ಮೊದಲ ದಿನ ಹೇಳ್ಕೊಟ್ಟಿದ್ದೇ ಇದು, ಒದ್ದಾಗ ಸ್ಟೀರಿಂಗಿನ ಕಡ್ಡಿ ಹೆಬ್ಬೆರಳು ಮುರಿಯುತ್ತೆ.

100 ಕಿಲೋಮೀಟರ್ ಆದ ಮೇಲೆ ಎಲ್ಲಾ ನಟ್ಟೂ ಇನ್ನೊಂದ್ಸಲ ಬಿಗಿ ನೋಡಿ. ಕ್ಲ್ಯಾಂಪಿನ ಪಕ್ಕ ಟೈ ರಾಡ್ ಮೇಲೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿಡಿ, ಕ್ಲ್ಯಾಂಪು ಗೆರೆ ಬಿಟ್ಟು ಸರಿದಿದ್ರೆ ಜಾರಿದೆ ಅಂತ ಬಗ್ಗಿ ನೋಡಿದ ತಕ್ಷಣ ಗೊತ್ತಾಗುತ್ತೆ. ಆರು ತಿಂಗಳಿಗೊಮ್ಮೆ ಸ್ಟೆಬಿಲೈಜರಿನ ಒಂದು ತುದಿ ಬಿಚ್ಚಿ, ಅದು ಇಲ್ದೇ ತೋಟದ ರಸ್ತೆಯಲ್ಲೇ ಮೆಲ್ಲಗೆ ಒಂದು ಸುತ್ತು ಓಡಿಸಿ, ಸ್ಟೀರಿಂಗಲ್ಲಿ ಹೊಸ ನಡುಕ ಕಂಡ್ರೆ ಮತ್ತೆ ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಿ. ಮುಂದಿನ ವಿಡಿಯೋದಲ್ಲಿ ಕಿಂಗ್ ಪಿನ್ ಬೇರಿಂಗ್ ಬಿಚ್ಚೋದು, ಶಿಮ್ ಲೆಕ್ಕ ಹಾಕೋದು ಪೂರ್ತಿ ತೋರಿಸ್ತೀನಿ, ತಕ್ಕಡಿ ರೆಡಿ ಇಟ್ಕೊಳಿ.