ರಜೆಯ ಸಂಬಳ ಮಾಲೀಕರ ದಾನವಲ್ಲ

ನಮಸ್ಕಾರ ಗೆಳೆಯರೇ. ಈ ವಾರ ಬೇರೆ ವಿಷಯ ಇಟ್ಟುಕೊಂಡಿದ್ದೆ. ಹಿಂದಿನ ಸಂಚಿಕೆಯ ಕೆಳಗೆ ಒಬ್ಬರು ಬರೆದದ್ದನ್ನು ಓದಿದ ಮೇಲೆ ಅದನ್ನು ಪಕ್ಕಕ್ಕಿಟ್ಟೆ. "ರಾಜ್ಯೋತ್ಸವದ ದಿನ ಮನೆಯಲ್ಲಿ ಮಲಗಿದ್ದು ಸಂಬಳ ಕೇಳಲು ನಾಚಿಕೆಯಾಗುವುದಿಲ್ಲವೇ?" ಇಲ್ಲ ಸ್ವಾಮಿ, ಆಗುವುದಿಲ್ಲ. ಆ ದಿನದ ಸಂಬಳ ಮಾಲೀಕರ ದಾನವಲ್ಲ. ಅದು ದುಡಿಯುವವರ ಹಕ್ಕು.

ಬಾಯಿಗೆ ಬಂದಂತೆ ಹೇಳುತ್ತಿಲ್ಲ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ ನಮ್ಮಲ್ಲಿ 1963ರಿಂದ ಕಾಯ್ದೆ ಇದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮೊದಲೇ ಬಂದ ಕಾಯ್ದೆ ಅದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವುಗಳ ಜೊತೆಗೆ ಐದು ಹಬ್ಬಗಳು. ಒಟ್ಟು 10 ದಿನ, ಹತ್ತಕ್ಕೂ ಸಂಬಳ. ಅನಿವಾರ್ಯವಾಗಿ ಆ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೊಡಬೇಕು, ಇಲ್ಲವೇ ಆ ದಿನದ ಸಂಬಳ ಕೊಟ್ಟು ಇನ್ನೊಂದು ದಿನ ಸಂಬಳಸಹಿತ ರಜೆ ಕೊಡಬೇಕು. "ಅದೆಲ್ಲ ಸರ್ಕಾರಿ ನೌಕರರಿಗೆ" ಎನ್ನುವವರು ದಯವಿಟ್ಟು ಕಾಯ್ದೆ ತೆರೆದು ಓದಿ. ಕಾರ್ಖಾನೆ, ತೋಟ, ಅಂಗಡಿ ಎಲ್ಲವೂ ಅದರೊಳಗೇ ಇವೆ.

ಒಬ್ಬ ವೀಕ್ಷಕರು, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಣ್ಣುಮಗಳು, ತಮ್ಮ ನವೆಂಬರ್ ತಿಂಗಳ ಸಂಬಳದ ಚೀಟಿಯ ಫೋಟೊ ಕಳುಹಿಸಿದ್ದಾರೆ. ಪಿಎಫ್, ಇಎಸ್‌ಐ ಕಡಿತದ ಕೆಳಗೆ ಇನ್ನೊಂದು ಸಾಲು: ಸಂಬಳರಹಿತ ರಜೆ, 1. ಯಾವ ದಿನವೆಂದು ಕೇಳಿದೆ. ನವೆಂಬರ್ 1! ಆ ಬೆಳಿಗ್ಗೆ ಕಾರ್ಖಾನೆಯ ಗೇಟಿನ ಮುಂದೆ ಕನ್ನಡ ಬಾವುಟ ಹಾರಿಸಿದರಂತೆ, ಬೂಂದಿ ಹಂಚಿದರಂತೆ, ಫೋಟೊ ತೆಗೆಸಿಕೊಂಡರಂತೆ. ಬಾವುಟ ಹಾರಿಸಿದ ಕೈಯೇ ಸಂಬಳಕ್ಕೆ ಕತ್ತರಿ ಹಾಕುತ್ತದೆಯೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನೂ ಕೆಲವು ಕಡೆ ಹಬ್ಬಕ್ಕೆ ಬಾಗಿಲು ಹಾಕುತ್ತಾರೆ, ಅದಕ್ಕೆ ಬದಲಾಗಿ ಮುಂದಿನ ಭಾನುವಾರ ಕರೆಸಿ ದುಡಿಸುತ್ತಾರೆ. ಕೊಟ್ಟಂತೆ ಮಾಡಿ ಕಿತ್ತುಕೊಳ್ಳುವುದು ಇದು. ಹಕ್ಕನ್ನು ಸಾಲದ ಹಾಗೆ ವಾಪಸ್ ಪಡೆಯಲು ಇವರು ಯಾರು?

ಅಂದಹಾಗೆ, ಸಂಬಳದ ಚೀಟಿಯನ್ನು ಸಾಲುಸಾಲಾಗಿ ಓದುವುದು ಹೇಗೆಂದು ಒಂದು ಸಂಚಿಕೆ ಮಾಡಿದ್ದೇನೆ. ನೋಡದವರು ನೋಡಿ, ಚಾನೆಲ್‌ಗೆ ಚಂದಾದಾರರಾಗಿ, ಮನೆಯವರಿಗೂ ಕಳುಹಿಸಿ.

"ಸಣ್ಣ ಉದ್ದಿಮೆದಾರರು ಎಲ್ಲಿಂದ ತಂದು ಕೊಡಬೇಕು?" ಈ ಅಳು ಕೇಳಿ ಕೇಳಿ ಸಾಕಾಗಿದೆ. ದೀಪಾವಳಿ ಹೇಳದೆ ಕೇಳದೆ ಬರುತ್ತದೆಯೇ? ಕ್ಯಾಲೆಂಡರ್ ಗೋಡೆಯ ಮೇಲೇ ಇರುತ್ತದೆ. ಆ ದಿನದ ಬಾಡಿಗೆಯನ್ನು ಕಟ್ಟಡದ ಯಜಮಾನ ಬಿಡುತ್ತಾನೆಯೇ? ಬ್ಯಾಂಕು ಬಡ್ಡಿ ಬಿಡುತ್ತದೆಯೇ? ಅವರಿಗೆಲ್ಲ ತೆಪ್ಪಗೆ ಕೊಡುತ್ತೀರಿ. ಬಡತನ ನೆನಪಾಗುವುದು ಟೈಲರ್ ಎದುರು ಬಂದು ನಿಂತಾಗ ಮಾತ್ರ!

ತಿಂಗಳ ಸಂಬಳವೆಂದರೆ ತಿಂಗಳಿಗೆ. 31 ದಿನದ ಜನವರಿಗೆ ಯಾರಾದರೂ ಹೆಚ್ಚು ಕೊಟ್ಟಿದ್ದಾರೆಯೇ? ಇಲ್ಲವಲ್ಲ. ಹಾಗಿದ್ದ ಮೇಲೆ ಹಬ್ಬ ಬಂದ ಕೂಡಲೇ ದಿನದ ಲೆಕ್ಕ ಎಲ್ಲಿಂದ ಹುಟ್ಟಿತು? ರಜೆಯ ಹಿಂದಿನ ದಿನ, ಮರುದಿನ ಬರಲಿಲ್ಲವೆಂದು ನಡುವಿನ ರಜೆಯನ್ನೂ ನುಂಗುವ 'ಸ್ಯಾಂಡ್‌ವಿಚ್' ನಿಯಮ ಬೇರೆ. ಅದರ ಬಗ್ಗೆ ಮಾತು ಶುರುಮಾಡಿದರೆ ಈ ಸಂಚಿಕೆ ಮುಗಿಯುವುದಿಲ್ಲ.

ಮತದಾನದ ದಿನವೂ ಹಾಗೆಯೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ಮತದಾರ ನೌಕರನಿಗೆ ಅಂದು ಸಂಬಳಸಹಿತ ರಜೆ, ದಿನಗೂಲಿಯವರಿಗೂ ಕೂಲಿ. ತಪ್ಪಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? 500 ರೂಪಾಯಿಯವರೆಗೆ. ಒಬ್ಬರ ಒಂದು ದಿನದ ಕೂಲಿಗಿಂತಲೂ ಕಡಿಮೆ! ಹೀಗಿದ್ದರೆ ಯಾರು ಹೆದರುತ್ತಾರೆ?

"ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ" ಎನ್ನುತ್ತೀರಿ. ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ. ಕಾರ್ಮಿಕ ಇಲಾಖೆಯ ನಿರೀಕ್ಷಕರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ದಾನ ಕೇಳುವವರ ಹಾಗೆ ತಲೆ ತಗ್ಗಿಸಬೇಡಿ. ಹಕ್ಕು ಇದು, ಹಕ್ಕು, ಹಕ್ಕು! ನೂರು ಸಲ ಹೇಳಿಸಿದರೂ ಅದನ್ನೇ ಹೇಳುತ್ತೇನೆ. ನಾಚಿಕೆಯ ಪಾಠ ಮಾಡಿದ ಆ ಮಹನೀಯರು ಇದರ ಕೆಳಗೂ ಬರೆಯಲಿ, ಓದುತ್ತೇನೆ.

ನಿಮ್ಮ ಸಂಬಳದ ಚೀಟಿಯಲ್ಲೂ ಹಬ್ಬದ ಕಡಿತವಿದ್ದರೆ ಹೆಸರು ಮುಚ್ಚಿ ಫೋಟೊ ಕಳುಹಿಸಿ. ಮುಂದಿನ ವಾರ ಓವರ್‌ಟೈಮ್ ಲೆಕ್ಕ ತೆಗೆಯೋಣ.