ಒಂದು ಟೀ ಕಪ್‌ನಷ್ಟು ಒಣಗಿದ ಚೂರುಗಳು

ನಮಸ್ಕಾರ. ಅಮೆರಿಕದ ಫ್ರಾಂಟಿಯರ್ ಕಾದಂಬರಿ, ಅಂದ್ರೆ ಪಶ್ಚಿಮದ ಬಯಲಿಗೆ ಹೋಗಿ ನೆಲೆಸಿದವರ ಕಥೆ, ಅಂದ ತಕ್ಷಣ ಕುದುರೆ, ಟೋಪಿ, ಪಿಸ್ತೂಲು ಕಣ್ಮುಂದೆ ಬರತ್ತೆ ಅಲ್ವಾ, ಅದನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾನಿವತ್ತು ಮಾತಾಡ್ತಿರೋದು ವಿಲಾ ಕ್ಯಾದರ್ ಅವರ 'ಮೈ ಆಂಟೊನಿಯಾ' ಬಗ್ಗೆ, 1918ರಲ್ಲಿ ಬಂದದ್ದು. ಹೇಳೋದು ಒಂದೇ ಮಾತು, ಇದನ್ನ ಓದುವಾಗ ಅಡುಗೆಮನೆ ಕಡೆ ನೋಡಿ.

ಕ್ಯಾದರ್ ಒಂಬತ್ತು ವರ್ಷದ ಹುಡುಗಿ ಆಗಿದ್ದಾಗ, 1883ರಲ್ಲಿ, ವರ್ಜೀನಿಯಾ ಬಿಟ್ಟು ನೆಬ್ರಾಸ್ಕಾದ ಬಯಲಿಗೆ ಬಂದವರು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ 160 ಎಕರೆ ಕೊಡ್ತಿದ್ರು, ಯುರೋಪಿಂದ ಜನ ಹಡಗು ಹತ್ತಿ ಬರ್ತಾನೇ ಇದ್ರು. ಕಾದಂಬರಿಯ ಆಂಟೊನಿಯಾ ಅನ್ನೋ ಹುಡುಗಿಯ ಶಿಮೆರ್ಡಾ ಕುಟುಂಬ ಬೊಹಿಮಿಯಾದವರು, ಅಂದ್ರೆ ಈಗಿನ ಚೆಕ್ ದೇಶ. ಇವರಿಗಂತೂ ಪುಕ್ಕಟೆ ಏನೂ ಸಿಗಲಿಲ್ಲ, ಇವರ ಭಾಷೆ ಗೊತ್ತಿದ್ದ ಇವರ ದೇಶದವನೇ ಜಾಸ್ತಿ ದುಡ್ಡಿಗೆ ಜಮೀನು ತಲೆಗೆ ಕಟ್ಟಿದ.

ಮೊದಲ ಚಳಿಗಾಲ. ನೆಲ ಅಗೆದು ಮಾಡಿದ ಗುಹೆಯಂಥ ಮನೆ, ಹುಡುಗಿಯರು ಮಲಗೋದು ಗೋಡೆಯಲ್ಲಿ ಕೊರೆದ ಬಿಲದಲ್ಲಿ, ತಿನ್ನೋಕೆ ಯಾರೋ ಎಸೆದಿದ್ದ ಕೊಳೆತ ಆಲೂಗಡ್ಡೆ. ಕಥೆ ಹೇಳೋ ಹುಡುಗ ಜಿಮ್‌ನ ಅಜ್ಜಿ ಬುಟ್ಟಿ ತುಂಬ ಸಾಮಾನು ತಗೊಂಡು ಬರ್ತಾರೆ. ಆಗ ಆಂಟೊನಿಯಾ ತಾಯಿ ಏನ್ಮಾಡ್ತಾಳೆ ಗೊತ್ತಾ? ಬರಿಗೈಲಿ ಕಳಿಸಲ್ಲ. ಒಳಗಿಂದ ಒಂದು ಚೀಲ ತಂದು, ಟೀ ಕಪ್‌ನಲ್ಲಿ ಅಳೆದು, ಗೋಣಿ ತುಂಡಲ್ಲಿ ಗಂಟು ಕಟ್ಟಿ, 'ಅಡುಗೆಗೆ ಹಾಕಿ, ನಿಮ್ಮ ದೇಶದಲ್ಲಿ ಇದು ಸಿಗಲ್ಲ' ಅಂತ ಕೊಡ್ತಾಳೆ. ಕಂದು ಬಣ್ಣದ ಒಣಗಿದ ಚೂರುಗಳು. ಅಜ್ಜಿ ಮನೆಗೆ ಬಂದು ಮೂಸಿ ನೋಡ್ತಾರೆ, ಯಾವುದೋ ಪ್ರಾಣಿಯ ಒಣಮಾಂಸವೋ ಏನೋ ಅಂತ ಒಲೆಗೆ ಹಾಕಿಬಿಡ್ತಾರೆ. ಜಿಮ್ ಮಾತ್ರ ಒಂದು ತುದಿ ಕಚ್ಚಿ ನೋಡ್ತಾನೆ, ಆ ರುಚಿ ಮರೆಯಲ್ಲ, ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗತ್ತೆ ಅದು ಅಣಬೆ ಅಂತ! ಬೊಹಿಮಿಯಾದ ಯಾವುದೋ ಕಾಡಲ್ಲಿ ಆರಿಸಿ, ಒಣಗಿಸಿ, ಸಮುದ್ರ ದಾಟಿಸಿ, ಹಸಿವಲ್ಲೂ ಕಾಪಾಡ್ಕೊಂಡಿದ್ದ ಅಣಬೆ.

ಪಾಠ ಮಾಡ್ತಿದ್ದಾಗ ಈ ಪುಟ ಎರಡು ಸಲ ಓದಿಸ್ತಿದ್ದೆ. ಕಥೆ ಮುಂದಕ್ಕೇ ಹೋಗ್ತಿಲ್ಲ ಮೇಡಂ ಅನ್ನೋರು. ಇದೇ ಕಣ್ರಪ್ಪ ಕಥೆ, ಅಡುಗೆಮನೆ ನೋಡಿ ಅಂತಿದ್ದೆ. ಮಗ ಅಮೆರಿಕಕ್ಕೆ ಹೊರಟಾಗ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬಿದ ತಾಯಂದಿರು ಈಗ ಕೇಳ್ತಿದ್ರೆ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಟೈಮ್ ಆಗ್ತಾ ಬಂತು, ಬೇಗ ಹೇಳ್ತೀನಿ. ಆ ನೆಲ ಖಾಲಿ ಇರಲಿಲ್ಲ. ಅಲ್ಲಿದ್ದ ಮೂಲನಿವಾಸಿ ಪಾವ್ನೀ ಜನರನ್ನ 1870ರ ದಶಕದಲ್ಲೇ ಈಗಿನ ಓಕ್ಲಹೋಮಾ ಕಡೆ ಕಳಿಸಿಯಾಗಿತ್ತು. ಪುಸ್ತಕದಲ್ಲಿ ಮೂಲನಿವಾಸಿಗಳು ಕುದುರೆ ಓಡಿಸಿದ್ದ ಒಂದು ವೃತ್ತದ ಗುರುತು ತೆಳು ಹಿಮದಲ್ಲಿ ಕಾಣತ್ತೆ, ಹೆಚ್ಚೇನೂ ಇಲ್ಲ. ಇವತ್ತು ಓದೋರು ಆ ವೃತ್ತದ ಹತ್ರ ನಿಲ್ಲಲೇಬೇಕು.

ಹಾಗೇ ಆಂಟೊನಿಯಾ ತಂದೆಯ ಸಮಾಧಿ ಹತ್ರಾನೂ. ಊರು ನೆನೆದು ಕೊರಗಿ ಆ ಮೊದಲ ಚಳಿಗಾಲದಲ್ಲೇ ತಾನೇ ಜೀವ ತಕ್ಕೊಂಡ, ಅದಕ್ಕೇ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ತನ್ನದೇ ಜಮೀನಿನ ಮೂಲೆಯಲ್ಲಿ ಹೂತ್ರು. ಆಮೇಲೆ ಅಲ್ಲಿಗೆ ರಸ್ತೆಗಳು ಬಂದ್ವು. ಎರಡೂ ರಸ್ತೆ ಸಮಾಧಿಯ ಹತ್ರ ಬಂದು ಒಂಚೂರು ಪಕ್ಕಕ್ಕೆ ತಿರುಗಿ ಹೋಗ್ತವೆ, ಮಧ್ಯದ ಕೆಂಪು ಹುಲ್ಲನ್ನ ಯಾರೂ ಕೊಯ್ಯಲ್ಲ.