ಹಿಜರಿ ಶಕದ ಮೊದಲ ಶತಮಾನ: ಇಸ್ಲಾಂ ಧರ್ಮದ ಉದಯ ಮತ್ತು ವಿಸ್ತಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಸ್ಲಿಮರು ಬಳಸುವ ಹಿಜರಿ ಶಕ ಪ್ರವಾದಿ ಮುಹಮ್ಮದರು ಹುಟ್ಟಿದ ವರ್ಷದಿಂದ ಆರಂಭವಾಗುವುದಿಲ್ಲ. ಅವರಿಗೆ ಮೊದಲ ದೈವವಾಣಿ ಬಂದ ವರ್ಷದಿಂದಲೂ ಅಲ್ಲ, ಅವರು ಯಾವುದೋ ಯುದ್ಧದಲ್ಲಿ ಗೆದ್ದ ವರ್ಷದಿಂದಲೂ ಅಲ್ಲ. ಕಿರುಕುಳ ತಾಳಲಾರದೆ ಒಂದು ಸಣ್ಣ ಗುಂಪು ಹುಟ್ಟೂರಾದ ಮೆಕ್ಕಾವನ್ನು ತೊರೆದು, ಸುಮಾರು ನಾನೂರು ಕಿಲೋಮೀಟರು ಉತ್ತರದ ಮುಂದೆ ಮದೀನ ಎನಿಸಿಕೊಂಡ ಯಸ್ರಿಬ್ ಎಂಬ ಊರಿಗೆ ವಲಸೆ ಹೋದ ಕ್ರಿ.ಶ. 622ನೇ ಇಸವಿಯೇ ಅದರ ಮೊದಲ ವರ್ಷ. ಈ ಎಣಿಕೆಯನ್ನು ಜಾರಿಗೆ ತಂದವರು ಪ್ರವಾದಿಯವರ ನಂತರ ಸಮುದಾಯದ ಮುಂದಾಳುಗಳಾದ ಖಲೀಫರಲ್ಲಿ ಎರಡನೆಯವರಾದ ಉಮರ್. ನಂಬಿದವರು ಒಂದೆಡೆ ಕೂಡಿ ಸಮುದಾಯವಾಗಿ ಬಾಳತೊಡಗಿದ ಗಳಿಗೆಯೇ ಆರಂಭವೆಂದು ಆ ಮೊದಲ ತಲೆಮಾರಿನವರು ತಿಳಿದಿದ್ದರು. ಇಸ್ಲಾಮಿನ ಆರಂಭ ಕಾಲದ ಚರಿತ್ರೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿದೀಪ ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ.

ಮೆಕ್ಕಾ ಬೆಳೆ ಬೆಳೆಯದ ಕಲ್ಲುಗಣಿವೆಯ ಊರು. ಜಮ್‌ಜಮ್ ಬಾವಿಯ ನೀರು, ಕಾಬಾ ಎಂಬ ಚೌಕಾಕಾರದ ಪುರಾತನ ಗುಡಿ, ಮತ್ತು ಅಲ್ಲಿಗೆ ಬರುತ್ತಿದ್ದ ಯಾತ್ರಿಕರು ಹಾಗೂ ವರ್ತಕರು, ಇವಿಷ್ಟೇ ಆ ಊರಿನ ಬದುಕಿಗೆ ಆಧಾರ. ಕಾಬಾದ ಒಳಗೂ ಸುತ್ತಲೂ ಅರಬ್ ಬುಡಕಟ್ಟುಗಳ ಹಲವು ದೇವತೆಗಳ ವಿಗ್ರಹಗಳಿದ್ದವು. ಊರಿನ ಆಡಳಿತ ಕುರೈಷ್ ಕುಲದವರದು. ವ್ಯಕ್ತಿಗೆ ರಕ್ಷಣೆ ಸಿಗುತ್ತಿದ್ದುದು ಕುಲದಿಂದ ಮಾತ್ರ. ಕುಲದ ಬೆಂಬಲವಿಲ್ಲದ ಅನಾಥ, ವಿಧವೆ, ಗುಲಾಮ ಇವರಿಗೆ ಕೇಳುವವರೇ ಇರಲಿಲ್ಲ. ಅದೇ ಹೊತ್ತಿನಲ್ಲಿ ಉತ್ತರದಲ್ಲಿ ಪೂರ್ವ ರೋಮನರ ಬೈಜಾಂಟೈನ್ ಮತ್ತು ಪರ್ಷಿಯಾದ ಸಸಾನಿ ಸಾಮ್ರಾಜ್ಯಗಳು 602ರಿಂದ 628ರವರೆಗೆ ಕಾದಾಡಿ ಎರಡೂ ಸೋತು ಸುಣ್ಣವಾಗುತ್ತಿದ್ದವು. ಮುಂದೆ ನಡೆದದ್ದಕ್ಕೆ ಈ ಬಳಲಿಕೆಯೂ ಒಂದು ಮುಖ್ಯ ಕಾರಣವೆಂಬುದನ್ನು ನೆನಪಿನಲ್ಲಿಡಬೇಕು.

ಮುಹಮ್ಮದರು ಸುಮಾರು 570ರಲ್ಲಿ ಕುರೈಷರ ಹಾಶಿಮ್ ಮನೆತನದಲ್ಲಿ ಹುಟ್ಟಿದರು. ಹುಟ್ಟುವ ಮೊದಲೇ ತಂದೆ ಅಬ್ದುಲ್ಲಾ ತೀರಿಕೊಂಡಿದ್ದರು. ಆರನೆಯ ವಯಸ್ಸಿನಲ್ಲಿ ತಾಯಿ ಆಮಿನಾ ಅವರನ್ನೂ ಕಳೆದುಕೊಂಡ ಬಾಲಕನನ್ನು ಮೊದಲು ಅಜ್ಜ ಅಬ್ದುಲ್ ಮುತ್ತಲಿಬ್, ಆಮೇಲೆ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ಬೆಳೆದ ಮೇಲೆ ಖದೀಜಾ ಎಂಬ ಸಿರಿವಂತ ವರ್ತಕಿಯ ಸರಕನ್ನು ಒಂಟೆಗಳ ಮೇಲೆ ಸಿರಿಯಾದ ಕಡೆಗೆ ಸಾಗಿಸಿ ವ್ಯಾಪಾರ ಮಾಡಿಕೊಟ್ಟರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಆಕೆಯೇ ಮದುವೆಯ ಪ್ರಸ್ತಾಪ ಮಾಡಿದರು. ಸುಮಾರು 610ರ ರಂಜಾನ್ ತಿಂಗಳಲ್ಲಿ, ಮೆಕ್ಕಾದ ಹೊರಗಿನ ಹಿರಾ ಗುಹೆಯಲ್ಲಿ ಧ್ಯಾನಕ್ಕೆ ಕುಳಿತಿದ್ದಾಗ, ಜಿಬ್ರೀಲ್ ಎಂಬ ದೇವದೂತನ ಮೂಲಕ ‘ಸೃಷ್ಟಿಸಿದ ನಿನ್ನ ಪ್ರಭುವಿನ ಹೆಸರಿನಲ್ಲಿ ಓದು’ ಎಂಬ ವಾಣಿ ಅವರಿಗೆ ಬಂದಿತೆಂಬುದು ಮುಸ್ಲಿಮರ ನಂಬಿಕೆ. ನಡುಗುತ್ತಾ ಮನೆಗೆ ಬಂದ ಗಂಡನಿಗೆ ಧೈರ್ಯ ಹೇಳಿ, ಅವರ ಮಾತನ್ನು ಎಲ್ಲರಿಗಿಂತ ಮೊದಲು ನಂಬಿದವರು ಖದೀಜಾ. ಹೀಗೆ ಈ ಧರ್ಮದ ಮೊದಲ ಅನುಯಾಯಿ ಒಬ್ಬ ಮಹಿಳೆ.

ಆರಂಭದ ಬೋಧನೆಯಲ್ಲಿ ಎರಡು ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ದೇವರು ಒಬ್ಬನೇ, ಅವನಿಗೆ ಸರಿಸಮಾನರಿಲ್ಲ ಎಂಬುದು ಒಂದು. ಮನುಷ್ಯ ಮಾಡಿದ ಪ್ರತಿಯೊಂದಕ್ಕೂ ಅಂತಿಮ ದಿನದಲ್ಲಿ ಲೆಕ್ಕ ಒಪ್ಪಿಸಬೇಕು, ಅಲ್ಲಿ ಕುಲದ ಹೆಸರು ನೆರವಿಗೆ ಬಾರದು ಎಂಬುದು ಇನ್ನೊಂದು. ಜೀವಂತ ಹೂಳಲ್ಪಟ್ಟ ಹೆಣ್ಣುಕೂಸನ್ನು ‘ಯಾವ ತಪ್ಪಿಗಾಗಿ ನಿನ್ನನ್ನು ಕೊಂದರು’ ಎಂದು ಆ ದಿನ ಕೇಳಲಾಗುವುದು ಎನ್ನುತ್ತದೆ ಕುರ್‌ಆನಿನ 81ನೇ ಅಧ್ಯಾಯ. ವಿಗ್ರಹಗಳನ್ನು ನಿರಾಕರಿಸಿದ್ದರಿಂದ ಯಾತ್ರೆಯ ಆದಾಯಕ್ಕೆ ಪೆಟ್ಟು ಬೀಳುವ ಭಯವಿತ್ತು, ನಿಜ; ಆದರೆ ಕುರೈಷ್ ಹಿರಿಯರನ್ನು ಅದಕ್ಕಿಂತ ಹೆಚ್ಚು ಕೆರಳಿಸಿದ್ದು ತಮ್ಮ ಪೂರ್ವಜರ ಮೇಲ್ಮೆಯನ್ನೇ ಅಲ್ಲಗಳೆಯುವ ಈ ಲೆಕ್ಕ ಒಪ್ಪಿಸುವ ಮಾತು ಎಂದು ನನ್ನ ಅಭಿಪ್ರಾಯ. ಹಿಂಸೆ ಮೊದಲು ತಟ್ಟಿದ್ದು ದಿಕ್ಕಿಲ್ಲದವರಿಗೆ. ಇಂದಿನ ಇಥಿಯೋಪಿಯಾ ಸೀಮೆಯಾದ ಅಬಿಸೀನಿಯಾ ಮೂಲದ ಬಿಲಾಲ್ ಎಂಬ ಗುಲಾಮನನ್ನು ಅವನ ಒಡೆಯ ಸುಡುವ ಮರಳಿನ ಮೇಲೆ ಕೆಡವಿ ಎದೆಯ ಮೇಲೆ ಬಂಡೆ ಹೇರಿದಾಗಲೂ ಅವನು ‘ಒಬ್ಬನೇ, ಒಬ್ಬನೇ’ ಎನ್ನುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಪ್ರವಾದಿಯವರ ಆಪ್ತ ಒಡನಾಡಿ ಅಬೂಬಕ್ಕರ್ ಹಣ ತೆತ್ತು ಅವನನ್ನು ಬಿಡುಗಡೆ ಮಾಡಿಸಿದರು. ಮುಂದೆ ಮದೀನದಲ್ಲಿ ನಮಾಜಿಗೆ ಕರೆಯುವ ಅಜಾನ್ ಕೂಗಿದ ಮೊದಲ ಕಂಠ ಅದೇ ಬಿಲಾಲರದು.

ಸುಮಾರು 615ರಲ್ಲಿ ಕೆಲವರು ಕೆಂಪು ಸಮುದ್ರ ದಾಟಿ ಅಬಿಸೀನಿಯಾದ ಕ್ರೈಸ್ತ ದೊರೆ ನಜಾಶಿಯ ಆಶ್ರಯ ಬೇಡಿದರು. ಅವರನ್ನು ಒಪ್ಪಿಸಿಬಿಡಿ ಎಂದು ಕೇಳಲು ಕುರೈಷರ ದೂತರೂ ಬೆನ್ನಟ್ಟಿ ಬಂದರು. ಆಗ ಅಬೂ ತಾಲಿಬರ ಮಗ ಜಾಫರ್ ದೊರೆಯ ಮುಂದೆ ಹೇಳಿದರೆನ್ನಲಾದ ಮಾತುಗಳ ಸಾರ ಹೀಗಿದೆ: ನಾವು ಅಜ್ಞಾನದಲ್ಲಿದ್ದ ಜನ, ವಿಗ್ರಹಗಳನ್ನು ಪೂಜಿಸುತ್ತಿದ್ದೆವು, ಬಲವಿದ್ದವನು ಬಡವನನ್ನು ತಿನ್ನುತ್ತಿದ್ದ; ನಮ್ಮಲ್ಲೇ ಒಬ್ಬ ಪ್ರವಾದಿ ಬಂದು ಒಬ್ಬನೇ ದೇವರನ್ನು ಆರಾಧಿಸಿ, ನಿಜ ನುಡಿಯಿರಿ, ನಂಬಿ ಒಪ್ಪಿಸಿದ್ದನ್ನು ಹಿಂದಿರುಗಿಸಿ, ನಂಟರನ್ನೂ ನೆರೆಯವರನ್ನೂ ಆದರಿಸಿ, ಅನಾಥರ ಸೊತ್ತು ತಿನ್ನಬೇಡಿ ಎಂದು ಕಲಿಸಿದ. ಅನಂತರ ಜಾಫರ್ ಯೇಸುವಿನ ತಾಯಿ ಮರಿಯಮ್ಮನವರ ಕಥೆಯಿರುವ ಅಧ್ಯಾಯವನ್ನು ಪಠಿಸಿದಾಗ ದೊರೆ ಕಣ್ಣೀರು ತುಂಬಿಕೊಂಡು, ಇವರನ್ನು ಒಪ್ಪಿಸಲಾರೆ ಎಂದನಂತೆ. ಇದು ತಲೆಮಾರುಗಳ ನಂತರ ಬರಹಕ್ಕಿಳಿದ ವೃತ್ತಾಂತ. ಆದರೂ ಮೊದಲ ಮುಸ್ಲಿಮರು ತಮ್ಮ ನಂಬಿಕೆಯನ್ನು ಅನ್ಯರಿಗೆ ಯಾವ ಮಾತುಗಳಲ್ಲಿ ಪರಿಚಯಿಸಬಯಸಿದರು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

619ರಲ್ಲಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಹೋಗಿ ಮುಹಮ್ಮದರಿಗೆ ಮೆಕ್ಕಾದಲ್ಲಿ ರಕ್ಷಣೆಯೇ ಇಲ್ಲದಾಯಿತು. ಎರಡು ಬುಡಕಟ್ಟುಗಳ ಹಗೆತನದಿಂದ ನಲುಗಿದ್ದ ಯಸ್ರಿಬಿನ ಜನ ಪಕ್ಷಪಾತವಿಲ್ಲದ ಪಂಚಾಯಿತಿದಾರನೊಬ್ಬ ಬೇಕೆಂದು ಅವರನ್ನು ಕರೆದರು. ವಲಸೆ ಬಂದ ಮುಹಾಜಿರರನ್ನೂ ಆಶ್ರಯ ಕೊಟ್ಟ ಅನ್ಸಾರರನ್ನೂ ಪ್ರವಾದಿಯವರು ಜೋಡಿ ಜೋಡಿಯಾಗಿ ಅಣ್ಣತಮ್ಮಂದಿರನ್ನಾಗಿ ಮಾಡಿದರು. ರಕ್ತಸಂಬಂಧವೇ ಸರ್ವಸ್ವವಾಗಿದ್ದ ನಾಡಿನಲ್ಲಿ ನಂಬಿಕೆಯ ಸಂಬಂಧ ಅದರ ಜಾಗಕ್ಕೆ ಬಂದು ನಿಂತಿತು. ಊರಿನ ಯಹೂದಿ ಕುಲಗಳನ್ನೂ ಒಳಗೊಂಡ ಒಂದು ಒಡಂಬಡಿಕೆ ಬರೆಯಲ್ಪಟ್ಟಿತು. ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರ ಧರ್ಮ ಎಂಬ ಮಾತು ಅದರಲ್ಲಿದೆ. ಈ ಹೊಂದಾಣಿಕೆ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಮೆಕ್ಕಾದೊಡನೆ ಬದ್ರ್, ಉಹುದ್ ಮತ್ತು ಕಂದಕದ ಯುದ್ಧಗಳು ನಡೆದ 624ರಿಂದ 627ರ ಅವಧಿಯಲ್ಲಿ, ಒಪ್ಪಂದ ಮುರಿದರೆಂಬ ಆರೋಪದ ಮೇಲೆ ಎರಡು ಯಹೂದಿ ಕುಲಗಳನ್ನು ಊರಿನಿಂದ ಹೊರಹಾಕಲಾಯಿತು. ಮೂರನೆಯ ಕುಲದ ಗಂಡಸರನ್ನು ಕೊಲ್ಲಲಾಯಿತು.

ಇಂದು ನಾವು ಇಸ್ಲಾಮಿನ ಆಚರಣೆಗಳೆಂದು ಗುರುತಿಸುವ ಬಹುಪಾಲು ಸಂಗತಿಗಳು ಖಚಿತ ರೂಪ ಪಡೆದದ್ದು ಈ ಮದೀನದಲ್ಲೇ. ಅಲ್ಲಾಹನ ಹೊರತು ಬೇರೆ ದೇವರಿಲ್ಲ, ಮುಹಮ್ಮದರು ಅವನ ದೂತರು ಎಂಬ ಕಲಿಮಾದ ಸಾಕ್ಷ್ಯ ಎಲ್ಲಕ್ಕೂ ಬುನಾದಿ. ದಿನಕ್ಕೆ ಐದು ಹೊತ್ತಿನ ನಮಾಜಿಗೆ ಮೊದಲು ಜೆರುಸಲೇಮಿನ ಕಡೆಗೆ ಮುಖ ಮಾಡುತ್ತಿದ್ದರು. ಹಿಜರಿ 2ನೇ ವರ್ಷದಲ್ಲಿ ಆ ದಿಕ್ಕು ಕಾಬಾದ ಕಡೆಗೆ ತಿರುಗಿತು. ರಂಜಾನ್ ತಿಂಗಳಿಡೀ ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗಿನ ಉಪವಾಸವೂ ಅದೇ ವರ್ಷ ಕಡ್ಡಾಯವಾಯಿತು. ಶಕ್ತಿಯಿದ್ದವರು ಬಾಳಿನಲ್ಲಿ ಒಮ್ಮೆ ಮೆಕ್ಕಾಕ್ಕೆ ಹಜ್ ಯಾತ್ರೆ ಮಾಡಬೇಕು. ಇವುಗಳ ನಡುವೆ ಜಕಾತ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕೆನಿಸುತ್ತದೆ. ಒಂದು ಮಿತಿಗಿಂತ ಹೆಚ್ಚಾಗಿ ವರ್ಷವಿಡೀ ಕೈಯಲ್ಲುಳಿದ ಹಣದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಕೊಡುವುದು ದಾನವೆನಿಸದು, ಅದು ಸಲ್ಲಿಸಲೇಬೇಕಾದ ಬಾಧ್ಯತೆ. ಬಡವರ ಪಾಲು ಸಿರಿವಂತನ ಹಣದಲ್ಲಿ ಹಕ್ಕಾಗಿಯೇ ಸೇರಿದೆ. ಯಾರಿಗೆ ಕೊಡಬೇಕೆಂಬುದನ್ನು ಕುರ್‌ಆನ್ ಹೆಸರಿಸಿದೆ: ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು, ಬಿಡುಗಡೆಗಾಗಿ ಕಾದಿರುವ ಗುಲಾಮರು ಅವರಲ್ಲಿ ಸೇರಿದ್ದಾರೆ. ನಂಬಿಕೆಯ ವಿಷಯಕ್ಕೆ ಬಂದರೆ, ದೇವದೂತರು, ದೈವಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ ಮತ್ತು ದೇವರ ವಿಧಿ ಇವುಗಳನ್ನು ಒಪ್ಪಬೇಕು. ಇಬ್ರಾಹಿಂ, ಮೂಸಾ, ಈಸಾ ಎಂದು ಕರೆಯಲ್ಪಡುವ ಅಬ್ರಹಾಂ, ಮೋಶೆ, ಯೇಸು ಮುಸ್ಲಿಮರಿಗೂ ಪ್ರವಾದಿಗಳೇ. ಮುಹಮ್ಮದರು ಆ ಸಾಲಿನ ಕೊನೆಯವರು. ಅವರು ದೇವರಲ್ಲ, ದೇವರ ಅಂಶವೂ ಅಲ್ಲ, ಆದ್ದರಿಂದ ಅವರನ್ನು ಆರಾಧಿಸುವಂತಿಲ್ಲ.

630ರಲ್ಲಿ ಮೆಕ್ಕಾ ಹೆಚ್ಚು ರಕ್ತಪಾತವಿಲ್ಲದೆ ಶರಣಾಯಿತು. ಕಾಬಾದ ವಿಗ್ರಹಗಳನ್ನು ತೆಗೆಸಿದ ಪ್ರವಾದಿಯವರು, ತಮ್ಮನ್ನು ಊರು ಬಿಡಿಸಿದವರಲ್ಲಿ ಬಹುತೇಕರನ್ನು ಕ್ಷಮಿಸಿದರು. 632ರಲ್ಲಿ ತಮ್ಮ ಕೊನೆಯ ಹಜ್ ಯಾತ್ರೆಯಲ್ಲಿ ಮಾಡಿದ ಪ್ರವಚನದಲ್ಲಿ, ದೇವಭಕ್ತಿಯೊಂದನ್ನು ಬಿಟ್ಟರೆ ಅರಬನಿಗೆ ಅರಬನಲ್ಲದವನ ಮೇಲೆ ಯಾವ ಹೆಚ್ಚುಗಾರಿಕೆಯೂ ಇಲ್ಲ ಎಂದು ಅವರು ನುಡಿದರೆಂದು ವರದಿಯಾಗಿದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಮದೀನದಲ್ಲಿ ಅವರು ತೀರಿಕೊಂಡರು.

ಮುಂದಾಳತ್ವ ಯಾರಿಗೆ ಎಂಬ ಪ್ರಶ್ನೆ ಅಂದೇ ಎದ್ದಿತು. ಅಬೂಬಕ್ಕರ್, ಉಮರ್, ಉಸ್ಮಾನ್, ಅಲಿ ಈ ನಾಲ್ವರು ಒಬ್ಬರ ನಂತರ ಒಬ್ಬರಂತೆ 661ರವರೆಗೆ ಖಲೀಫರಾದರು. ತಾಳೆಗರಿಯ ದಂಟು, ಎಲುಬು, ಚರ್ಮಗಳ ಮೇಲೂ ಕಂಠಸ್ಥ ಮಾಡಿದವರ ನೆನಪಿನಲ್ಲೂ ಇದ್ದ ಕುರ್‌ಆನ್ ಉಸ್ಮಾನರ ಕಾಲದಲ್ಲಿ, ಜೈದ್ ಇಬ್ನ್ ಸಾಬಿತರ ನೇತೃತ್ವದಲ್ಲಿ, 114 ಅಧ್ಯಾಯಗಳ ಒಂದೇ ಪಾಠವಾಗಿ ಪ್ರತಿಯಾಗಿ ಬೇರೆ ಬೇರೆ ನಗರಗಳಿಗೆ ಹೋಯಿತು. ನಾಯಕತ್ವ ಪ್ರವಾದಿಯವರ ಅಳಿಯ ಅಲಿ ಮತ್ತು ಅವರ ಸಂತತಿಗೆ ಸೇರಬೇಕಿತ್ತು ಎಂದವರು ಶಿಯಾಗಳಾದರು. 680ರಲ್ಲಿ ಅಲಿಯವರ ಮಗ ಹುಸೇನ್ ಇರಾಕಿನ ಕರ್ಬಲಾದಲ್ಲಿ ನೀರೂ ಸಿಗದಂತೆ ಸುತ್ತುವರಿಯಲ್ಪಟ್ಟು, ಸಣ್ಣ ಬಳಗದೊಂದಿಗೆ ಕೊಲೆಯಾದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದಾಗ ಹಿಂದೂ ಮುಸ್ಲಿಮರೆನ್ನದೆ ಕೂಡಿ ಹಾಡುವ ರಿವಾಯತ್ ಪದಗಳಲ್ಲಿ ಕನ್ನಡದಲ್ಲೇ ಹರಿಯುವುದು ಇದೇ ಕರ್ಬಲಾದ ದುಃಖ.

ಇನ್ನು ವಿಸ್ತಾರದ ವಿಷಯ. ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡದಿದ್ದರೆ ಚರಿತ್ರೆಯೇ ತಪ್ಪಾಗಿ ಕಾಣುತ್ತದೆ: ಅರಬರ ರಾಜ್ಯ ಹಬ್ಬಿದ ವೇಗ ಒಂದು, ಇಸ್ಲಾಂ ಧರ್ಮ ಹಬ್ಬಿದ ವೇಗ ಮತ್ತೊಂದು. ರಾಜ್ಯ ಹಬ್ಬಿದ್ದು ಬೆರಗಾಗುವಷ್ಟು ಬೇಗ. 636ರ ಯರ್ಮೂಕ್ ಕಾಳಗದಿಂದ ಸಿರಿಯಾ ಬೈಜಾಂಟೈನರ ಕೈತಪ್ಪಿತು, 642ರ ಹೊತ್ತಿಗೆ ಈಜಿಪ್ಟ್ ಪೂರ್ತಿಯಾಗಿ ವಶವಾಯಿತು, 651ರಲ್ಲಿ ಕೊನೆಯ ಸಸಾನಿ ದೊರೆ ಸತ್ತ. ಯುದ್ಧಗಳು ಯುದ್ಧಗಳೇ, ಅವುಗಳಲ್ಲಿ ಸಾವುನೋವು, ಸೆರೆ, ಕೊಳ್ಳೆ ಎಲ್ಲವೂ ಇದ್ದವು. ಆದರೆ ಗೆದ್ದ ಸೈನಿಕರು ಕೂಫಾ, ಬಸ್ರಾ, ಫುಸ್ತಾತ್ ಮುಂತಾದ ಹೊಸ ದಂಡಿನ ಪಟ್ಟಣಗಳಲ್ಲಿ ಪ್ರತ್ಯೇಕವಾಗಿ ನೆಲೆಸಿದರು. ಊರುಗಳ ಕಂದಾಯ, ಲೆಕ್ಕಪತ್ರ, ಪೂಜೆ ಪ್ರಾರ್ಥನೆಗಳು ಬಹುಮಟ್ಟಿಗೆ ಮೊದಲಿನವರ ಕೈಯಲ್ಲೇ ಉಳಿದವು.

ಆಸ್ಟ್ರಿಯಾದ ವಿಯೆನ್ನಾದಲ್ಲಿ ಕಾಪಿಟ್ಟಿರುವ ಒಂದು ಪಪೈರಸ್ ಹಾಳೆ ಇದನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಅದು ಈಜಿಪ್ಟಿನಲ್ಲಿ 643ನೇ ಇಸವಿಯಲ್ಲಿ, ಹಿಜರಿ 22ನೇ ವರ್ಷದಲ್ಲಿ ಬರೆದ ರಸೀದಿ. ಅರಬ್ ದಳವೊಂದು ಸ್ಥಳೀಯ ಅಧಿಕಾರಿಗಳಿಂದ 65 ಕುರಿಗಳನ್ನು ಪಡೆದುಕೊಂಡದ್ದನ್ನು ಅದು ದಾಖಲಿಸುತ್ತದೆ: 50 ಕುರಿ ಮಾಂಸಕ್ಕೆ, 15 ಬೇರೆ. ಒಂದು ಭಾಗ ಗ್ರೀಕಿನಲ್ಲಿ, ಇನ್ನೊಂದು ಅರಬಿಯಲ್ಲಿ. ಗ್ರೀಕ್ ಭಾಗವನ್ನು ಬರೆದವನು ಯೋಹಾನನೆಂಬ ಕ್ರೈಸ್ತ. ಅರಬಿ ಭಾಗ ದೇವರ ನಾಮಸ್ಮರಣೆಯಿಂದ ಆರಂಭವಾಗಿ ಹಿಜರಿ ವರ್ಷದಿಂದ ಮುಗಿಯುತ್ತದೆ. ಪ್ರವಾದಿಯವರು ತೀರಿಕೊಂಡು ಹನ್ನೊಂದು ವರ್ಷವೂ ತುಂಬಿರದ ಆ ಹೊತ್ತಿಗೆ, ದೂರದ ನೈಲ್ ನದಿಯ ಸೀಮೆಯಲ್ಲಿ ಕುರಿಯ ಲೆಕ್ಕಕ್ಕೂ ಆ ಶಕ ಬಳಕೆಯಾಗುತ್ತಿತ್ತು.

ಮುಸ್ಲಿಮರಲ್ಲದವರು ಜಿಜಿಯಾ ತೆರಿಗೆ ತೆತ್ತು ತಮ್ಮ ಧರ್ಮದಲ್ಲಿ ಮುಂದುವರಿಯಬಹುದಿತ್ತು; ಅವರ ಸ್ಥಾನಮಾನ ರಕ್ಷಿತವಾಗಿತ್ತು, ಸಮಾನವಾಗಿರಲಿಲ್ಲ. ಮತಾಂತರವಾದವರು ಹೆಚ್ಚಿದರೆ ತೆರಿಗೆ ಕಡಿಮೆಯಾಗುವುದರಿಂದ, 661ರ ನಂತರ ಡಮಾಸ್ಕಸ್‌ನಿಂದ ಆಳಿದ ಉಮಯ್ಯಾ ವಂಶದ ಅನೇಕ ಅಧಿಕಾರಿಗಳು ಹೊಸ ಮುಸ್ಲಿಮರಿಂದಲೂ ಜಿಜಿಯಾ ವಸೂಲಿ ಮಾಡಿದರು, ಅರಬರಲ್ಲದ ಮುಸ್ಲಿಮರನ್ನು ಎರಡನೆಯ ದರ್ಜೆಯವರಂತೆ ಕಂಡರು. ಕೊನೆಯ ಹಜ್‌ನಲ್ಲಿ ಪ್ರವಾದಿಯವರು ಸಾರಿದ ಮಾತಿಗೆ ಇದು ತೀರ ವಿರುದ್ಧ. ಆ ಅನ್ಯಾಯವನ್ನು ನಿಲ್ಲಿಸಲು 717ರಿಂದ 720ರವರೆಗೆ ಆಳಿದ, ಅದೇ ವಂಶದ ಖಲೀಫ ಎರಡನೆಯ ಉಮರ್ ಆಜ್ಞೆ ಹೊರಡಿಸಿದರು. ಅವರ ಕಾಲಾನಂತರವೂ ಅಸಮಾಧಾನ ಉಳಿದು, 750ರಲ್ಲಿ ಉಮಯ್ಯಾ ವಂಶವನ್ನು ಉರುಳಿಸಿದ ಅಬ್ಬಾಸಿ ದಂಗೆಗೆ ಬಲ ಕೊಟ್ಟಿತು. ಅಷ್ಟರೊಳಗೆ ಆ ರಾಜ್ಯ ಸ್ಪೇನಿನಿಂದ ಸಿಂಧ್‌ವರೆಗೆ ಚಾಚಿತ್ತು. ಆದರೂ ಈಜಿಪ್ಟ್, ಸಿರಿಯಾ, ಇರಾನ್‌ಗಳ ಜನಸಾಮಾನ್ಯರಲ್ಲಿ ಮುಸ್ಲಿಮರೇ ಹೆಚ್ಚು ಎಂಬ ಸ್ಥಿತಿ ಬರಲು ಮುಂದೆ ಹಲವು ತಲೆಮಾರುಗಳು, ಕೆಲವೆಡೆ ಶತಮಾನಗಳೇ ಹಿಡಿದವು. ಮದುವೆ, ವ್ಯಾಪಾರ, ತೆರಿಗೆ, ಕಚೇರಿಯ ನೌಕರಿ, ವಿದ್ವಾಂಸರ ಬೋಧನೆ, ಸಂತರ ಸಹವಾಸ ಎಲ್ಲವೂ ಅದಕ್ಕೆ ಕಾರಣಗಳು.

ಸಮುದ್ರದ ದಾರಿಯ ಕಥೆಯೇ ಬೇರೆ. ಇಸ್ಲಾಮಿಗಿಂತ ಬಹಳ ಹಿಂದಿನಿಂದಲೂ ಅರಬರು ಮುಂಗಾರು ಗಾಳಿಯನ್ನು ನಂಬಿ ನಮ್ಮ ಪಶ್ಚಿಮ ಕರಾವಳಿಗೆ ಮೆಣಸು ಕೊಳ್ಳಲು ಬರುತ್ತಿದ್ದರು. ಧರ್ಮ ಬದಲಾದ ಮೇಲೂ ವ್ಯಾಪಾರ ನಿಲ್ಲಲಿಲ್ಲ. ಬಂದವರಲ್ಲಿ ಕೆಲವರು ಗಾಳಿ ತಿರುಗುವವರೆಗೆ ಉಳಿದರು, ಕೆಲವರು ಇಲ್ಲಿಯವರನ್ನೇ ಮದುವೆಯಾಗಿ ನೆಲೆನಿಂತರು, ಸ್ಥಳೀಯ ಅರಸರು ಅವರಿಗೆ ಜಾಗ ಕೊಟ್ಟರು. ಭಟ್ಕಳದ ನವಾಯತರೂ ಮಂಗಳೂರು ಸೀಮೆಯ ಬ್ಯಾರಿಗಳೂ ತಮ್ಮ ಮೂಲವನ್ನು ಈ ಕಡಲ ವ್ಯಾಪಾರದೊಂದಿಗೆ ಜೋಡಿಸಿಕೊಳ್ಳುತ್ತಾರೆ. ನವಾಯತರ ನುಡಿಯ ತಳಹದಿ ಕೊಂಕಣಿ. 14ನೇ ಶತಮಾನದ ನಡುಭಾಗದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ತೀರದುದ್ದಕ್ಕೂ ಪ್ರಯಾಣ ಮಾಡಿದಾಗ, ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿಯೂ, ಆ ಊರಿನ ಹೆಂಗಸರು ಕುರ್‌ಆನನ್ನು ಬಾಯಿಪಾಠ ಬಲ್ಲವರೆಂದೂ, ಹೆಣ್ಣುಮಕ್ಕಳ ಇಂತಹ ಶಾಲೆಗಳನ್ನು ತಾನು ಬೇರೆಲ್ಲೂ ನೋಡಲಿಲ್ಲವೆಂದೂ ಬರೆಸಿಟ್ಟಿದ್ದಾನೆ.

ನಮಸ್ಕಾರ.